21 ತಿಂಗಳ ನಂತರ ಮತ್ತೆ ತೋಟದ ದಾರಿಗೆ

ಕೆಸರು ದಾರಿಯಲ್ಲಿ ಜೀಪು ಓಡಿಸುವ ನಮ್ಮ ಗುಂಪಿನ ಕಡೆಯ ಡ್ರೈವ್ ಆಗಿದ್ದು 2020ರ ಫೆಬ್ರವರಿಯಲ್ಲಿ. ಅವತ್ತು 22 ಗಾಡಿ ಬಂದಿದ್ದವು. ಒಂದೇ ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆ ಬಾತ್ ಮಾಡಿ, ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕಿ ತಿಂದಿದ್ದೆವು. ಮುಂದಿನ ತಿಂಗಳು 24ನೇ ತಾರೀಕು ರಾತ್ರಿ ದೇಶಕ್ಕೇ ಬೀಗ ಬಿತ್ತು. ನಡುವೆ 2021ರ ಏಪ್ರಿಲ್‌ನಲ್ಲಿ ಹೋಗೋಣ ಅಂತ ಮಾತಾಡಿದ್ದೆವು. ಆ ಏಪ್ರಿಲ್ ಹೇಗಿತ್ತು ಅಂತ ಎಲ್ಲರಿಗೂ ಗೊತ್ತು. ಕೊನೆಗೆ ನವೆಂಬರ್ 5ಕ್ಕೆ ರಾತ್ರಿ ಕರ್ಫ್ಯೂ ತೆಗೆದರು. ಒಂದು ವಾರ ಬಿಟ್ಟು, ಎರಡನೇ ಶನಿವಾರದ ರಜೆ ಹಿಡಿದು ಹೊರಟೆವು. ಶುಕ್ರವಾರ 12ರಿಂದ ಭಾನುವಾರ 14ರವರೆಗೆ, ಸಕಲೇಶಪುರದ ಕಡೆಗೆ.

ಹೊರಡುವ ಮೊದಲು ಒಂದು ವಿಷಯ ಹೇಳಬೇಕು. ನಮ್ಮಲ್ಲಿ ಪ್ರತಿ ಗಾಡಿಗೂ ಒಂದು ನಂಬರ್ ಇರುತ್ತದೆ. ಮುಂದಿನ ಗಾಡಿ ಒಂದು. ಎಲ್ಲರ ಹಿಂದೆ ಬರುವ ಗಾಡಿಗೆ ಕೊನೆಯ ನಂಬರ್. ಅದು ಯಾರನ್ನೂ ಹಿಂದೆ ಬಿಟ್ಟು ಮುಂದೆ ಬರುವಂತಿಲ್ಲ. ಪ್ರತಿ ಕವಲುದಾರಿ ದಾಟಿದಾಗಲೂ ವಾಕಿಟಾಕಿಯಲ್ಲಿ ಎಲ್ಲರೂ ತಮ್ಮ ನಂಬರ್ ಹೇಳಬೇಕು. ಅದಕ್ಕೆ ಹಾಜರಿ ಅಂತ ಹೆಸರು. ಈ ಪದ್ಧತಿ ತಂದವರು ನಮ್ಮ ಮೇಷ್ಟ್ರು. ಅವರು ಶಾಲೆಯ ಮೇಷ್ಟ್ರಲ್ಲ. ಪೀಣ್ಯದಲ್ಲಿ ಲೇತ್ ಮಷೀನ್ ಇಟ್ಟುಕೊಂಡವರು. ನಮಗೆಲ್ಲ ಕೆಸರಲ್ಲಿ ಗಾಡಿ ಓಡಿಸೋದು ಕಲಿಸಿದ್ದು ಅವರೇ. ಅದಕ್ಕೇ ಮೇಷ್ಟ್ರು.

ಕೊರೊನಾದ ಎರಡನೇ ಅಲೆಯ ದಿನಗಳಲ್ಲಿ ಅವರು ಈ ಹಾಜರಿಯನ್ನು ವಾಟ್ಸಾಪ್ ಗುಂಪಿಗೆ ತಂದರು. ದಿನಾ ರಾತ್ರಿ 9 ಗಂಟೆಗೆ "ಹಾಜರಿ" ಅಂತ ಒಂದು ಮೆಸೇಜ್. ಎಲ್ಲರೂ ನಂಬರ್ ಹಾಕಬೇಕು. ಯಾರಾದರೂ ಹಾಕಲಿಲ್ಲ ಅಂದರೆ ಅವರ ಮನೆಗೆ ಫೋನ್. ಯಾರಿಗೋ ಮಾತ್ರೆ ಬೇಕಿತ್ತು, ಯಾರ ಮನೆಯಲ್ಲೋ ಅಡುಗೆ ಮಾಡೋರೇ ಇರಲಿಲ್ಲ. ಹೀಗೆ ಗೊತ್ತಾಗುತ್ತಿತ್ತು. ಮೇ ತಿಂಗಳಲ್ಲಿ ಒಂದು ರಾತ್ರಿ 9 ಗಂಟೆಗೆ ಮೆಸೇಜ್ ಬರಲಿಲ್ಲ. ಮೇಷ್ಟ್ರು ಆಸ್ಪತ್ರೆ ಸೇರಿದ್ದರು. 11 ದಿನ ಆಕ್ಸಿಜನ್ ಮೇಲೆ ಇದ್ದರು. ಆ 11 ದಿನ ಹಾಜರಿ ಕೂಗಿದ್ದು ನಾನು. ಒಂದನೇ ನಂಬರ್ ಖಾಲಿ ಇರುತ್ತಿತ್ತು.

ಮೊದಲ ದಿನ, ಶುಕ್ರವಾರ

ಬೆಳಿಗ್ಗೆ ಐದೂವರೆಗೆ ನೆಲಮಂಗಲ ದಾಟಿ ಕುಣಿಗಲ್ ರಸ್ತೆಯಲ್ಲಿ ಸೇರಿದೆವು. ಸಣ್ಣಗೆ ಹನಿಯುತ್ತಿತ್ತು. ಈ ಸಲ ಒಂಬತ್ತೇ ಗಾಡಿ ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಎರಡೂ ಡೋಸ್ ಆದವರು ಮಾತ್ರ. ಮಕ್ಕಳಿಗೆ ಆಗ ಇನ್ನೂ ಲಸಿಕೆ ಬಂದಿರಲಿಲ್ಲ, ಹಾಗಾಗಿ ಒಂದು ಗಾಡಿಯಲ್ಲಿ ಒಂದೇ ಮನೆಯವರು. ತಟ್ಟೆ, ಲೋಟ, ಟೆಂಟ್ ಅವರವರದ್ದೇ.

ಗಾಡಿ ಇಳಿದವರಿಗೆ ಏನು ಮಾಡಬೇಕು ಅಂತಲೇ ತಿಳಿಯಲಿಲ್ಲ. ಮೊದಲಾದರೆ ತಬ್ಬಿಕೊಳ್ಳುತ್ತಿದ್ದೆವು. ಈಗ ಎಲ್ಲರೂ ಮಾಸ್ಕ್ ಹಾಕಿಕೊಂಡು ಎರಡು ಮಾರು ದೂರದಲ್ಲಿ ನಿಂತು ಕೈ ಮುಗಿದೆವು. ಅರ್ಧ ಜನ ಹೊಸಬರು. ಮಹೀಂದ್ರದ ಹೊಸ ಥಾರ್ ಜೀಪು ಬಂದಿದ್ದು 2020ರ ಅಕ್ಟೋಬರ್‌ನಲ್ಲಿ. ತಿಂಗಳುಗಟ್ಟಲೆ ಕಾದು ಗಾಡಿ ತಗೊಂಡರೂ ಎಲ್ಲಿಗೂ ಹೋಗಲಾಗದೆ ಮನೆ ಮುಂದೆ ನಿಲ್ಲಿಸಿಕೊಂಡವರು ಇವರು. ವರ್ಷದಿಂದ ಫೋನಿನಲ್ಲಿ ಮಾತಾಡಿದ್ದೇವೆ, ಮುಖ ನೋಡಿಲ್ಲ. ನಾಲ್ಕನೇ ನಂಬರಿನ ಹುಡುಗಿ ಮಾಸ್ಕ್ ಕೆಳಗೆ ಎಳೆದು, "ಅಕ್ಕಾ, ನಾನೇ" ಅಂದಳು. ಮೇ ತಿಂಗಳಲ್ಲಿ ಅವಳ ಗಂಡನಿಗೆ ಜ್ವರ ಬಂದಾಗ ರಾತ್ರಿ ಹನ್ನೆರಡರವರೆಗೆ ಅವಳ ಜೊತೆ ಫೋನಿನಲ್ಲಿ ಕೂತಿದ್ದೆ. ದನಿಯಿಂದಲೇ ಗುರುತು ಸಿಕ್ಕಿತು.

ಆಮೇಲೆ ಮೇಷ್ಟ್ರ ಹಳೇ ಮಹೀಂದ್ರ ಜೀಪು, ಎಂಎಂ540 ಬಂತು. ಆ ಪೆಜೊ ಡೀಸೆಲ್ ಎಂಜಿನ್ನಿನ ಸದ್ದು ನಮಗೆ ದೂರದಿಂದಲೇ ಗೊತ್ತಾಗುತ್ತದೆ. ಮೇಷ್ಟ್ರು ಇಳಿದರು. ತುಂಬ ಸೊರಗಿದ್ದರು. ಇಳಿದು ಬಾನೆಟ್ ಹಿಡಿದು ಒಂದು ನಿಮಿಷ ನಿಂತರು. ಜೇಬಿನಿಂದ ಆಕ್ಸಿಮೀಟರ್ ತೆಗೆದು ಬೆರಳಿಗೆ ಸಿಕ್ಕಿಸಿ ನೋಡಿಕೊಂಡರು. "95. ಹೊರಡೋಣ" ಅಂದರು.

ನನ್ನದು ಹಳೆಯ ಥಾರ್. ನಂಬರ್ ಎರಡು. ಪಕ್ಕದಲ್ಲಿ ನನ್ನ ಮಗಳು. ಅವಳಿಗೆ 13 ವರ್ಷ. ವಾಕಿಟಾಕಿ ಅವಳ ಕೈಲಿ. ಒಂದೂವರೆ ವರ್ಷ ಆನ್‌ಲೈನ್ ಕ್ಲಾಸಿನಲ್ಲಿ ಮೈಕ್ ಆಫ್ ಮಾಡಿ ಕೂತಿದ್ದ ಮಗು. ಟೋಲ್ ದಾಟಿದ ಮೇಲೆ "ಎರಡು, ದಾಟಿದೆ" ಅಂತ ಹೇಳಬೇಕಿತ್ತು. ಬಟನ್ ಒತ್ತಿದಳು, ದನಿ ಬರಲಿಲ್ಲ. ಇನ್ನೊಮ್ಮೆ ಒತ್ತಿದಳು. ತುಂಬ ಮೆಲ್ಲಗೆ ಹೇಳಿದಳು.

ಯಡಿಯೂರು ದಾಟಿ ಮರದ ಕೆಳಗೆ ನಿಲ್ಲಿಸಿ ತಿಂಡಿ ತಿಂದೆವು. ಹೋಟೆಲುಗಳು ತೆರೆದಿದ್ದವು. ಆದರೂ ಅವತ್ತು ಎಲ್ಲರೂ ಮನೆಯಿಂದ ಕಟ್ಟಿಕೊಂಡು ಬಂದಿದ್ದರು. ಚಿತ್ರಾನ್ನ, ಚಪಾತಿ ಪಲ್ಯ, ಒಬ್ಬರದ್ದು ಅವಲಕ್ಕಿ. ಯಾರೂ ಯಾರಿಗೂ ಕೊಡಲಿಲ್ಲ. ನನಗೆ ಅದು ತುಂಬ ಕಷ್ಟವಾಯಿತು. ತಿಂಡಿ ಹಂಚದೆ ಕೂತು ತಿನ್ನೋದು ನಮ್ಮ ಅಭ್ಯಾಸವೇ ಅಲ್ಲ ಅಲ್ವಾ?

ಹಿರೀಸಾವೆ ದಾಟಿದ ಮೇಲೆ ಮೊದಲ ತೊಂದರೆ. ನನ್ನ ಮುಂದೆ ಹೋಗುತ್ತಿದ್ದ ಮೇಷ್ಟ್ರ ಜೀಪಿನ ಹಿಂದಿನ ಎಡ ಚಕ್ರದಿಂದ ಸಣ್ಣಗೆ ಹೊಗೆ. ಪಕ್ಕಕ್ಕೆ ಹಾಕಿ ನೋಡಿದರೆ ಡ್ರಮ್ ಕೈ ಇಡಲಾಗದಷ್ಟು ಬಿಸಿ. ತಿಂಗಳುಗಟ್ಟಲೆ ನಿಂತಿದ್ದ ಗಾಡಿ. ಬ್ರೇಕಿನ ವೀಲ್ ಸಿಲಿಂಡರ್ ಒಳಗೆ ತುಕ್ಕು ಹಿಡಿದು, ಒತ್ತಿದ ಬ್ರೇಕ್ ಹಿಂದಕ್ಕೆ ಬಿಡುತ್ತಿರಲಿಲ್ಲ. ಜ್ಯಾಕ್ ಹಾಕಿ, ಡ್ರಮ್ ಬಿಚ್ಚಿ, ಲೈನರ್ ಸಡಿಲ ಮಾಡಿ, ಸಿಲಿಂಡರ್ ಸ್ವಚ್ಛ ಮಾಡಿ ಹಾಕೋ ಹೊತ್ತಿಗೆ ಒಂದೂ ಕಾಲು ಗಂಟೆ ಆಯಿತು. ನಿಂತ ಗಾಡಿ ತೆಗೆಯೋರು ದೂರ ಹೊರಡೋ ಮೊದಲು ಊರಲ್ಲೇ ಐವತ್ತು ಕಿಲೋಮೀಟರ್ ಓಡಿಸಿ, ಇಳಿದು ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಬೇಕು. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಏನೋ ಹಿಡಿದಿದೆ ಅಂತ ಅರ್ಥ. ನನ್ನ ಥಾರಿನಲ್ಲಿ ಇಲಿ ವೈರ್ ಕಡಿದಿತ್ತು. ಬ್ಯಾಟರಿ ಸತ್ತಿತ್ತು. ಅದನ್ನು ಒಂದು ತಿಂಗಳು ಮೊದಲೇ ನೋಡಿಸಿಕೊಂಡಿದ್ದೆ.

ಹಾಸನ ತಲುಪಿದಾಗ ಹನ್ನೊಂದು. ನೇರ ಸಕಲೇಶಪುರಕ್ಕೆ ಹೋಗಬಹುದಿತ್ತು. ಆದರೆ ಗೊರೂರು ಕಡೆ ತಿರುಗಿ ಶೆಟ್ಟಿಹಳ್ಳಿ ಚರ್ಚ್ ನೋಡಿ ಹೋದೆವು. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಊರು ಎತ್ತಿ ಬೇರೆ ಕಡೆ ಹೋಯಿತು, ಚರ್ಚ್ ಹಿನ್ನೀರಿನಲ್ಲಿ ಉಳಿಯಿತು. ಬೇಸಿಗೆಯಲ್ಲಿ ಹೋದರೆ ಒಣ ನೆಲದ ಮೇಲೆ ಗೋಡೆಯವರೆಗೂ ನಡೆಯಬಹುದು. ನಾವು ಹೋದಾಗ ನೀರಿನ ನಡುವೆ ನಿಂತಿತ್ತು. ಚಾವಣಿ ಇಲ್ಲ. ಕಮಾನುಗಳ ಮೇಲೆ ನೀರುಕಾಗೆ ಸಾಲಾಗಿ ಕೂತಿದ್ದವು.

ದಡದಲ್ಲಿ ಒಬ್ಬ ಅಜ್ಜ ತೆಪ್ಪ ಮಗುಚಿ ಹಾಕಿ ಅದರ ತಳಕ್ಕೆ ಡಾಂಬರು ಬಳಿಯುತ್ತಿದ್ದರು. ಲಾಕ್‌ಡೌನ್‌ನಲ್ಲಿ ಹೇಗಿತ್ತು ಅಂತ ಕೇಳಿದೆ. "ಮೀನು ಬೇಕಾದಂಗೆ ಬಿದ್ದವು ಕಣವ್ವ. ತಗಳಕೆ ಯಾರೂ ಇರ್ನಿಲ್ಲ. ನಾವೇ ತಿಂದು ತಿಂದು ಸಾಕಾಯ್ತು" ಅಂದರು. ಆಮೇಲೆ ನಮ್ಮ ಗಾಡಿಗಳನ್ನು ಒಂದೊಂದಾಗಿ ನೋಡಿ, "ನೀರ್ಗಿಳಸಬ್ಯಾಡಿ. ಕೆಳಗೆ ಗೋಡು ಐತೆ, ಎಳಕೊಂಡು ಹೋಯ್ತದೆ" ಅಂದರು. ನಾವು ಇಳಿಸುವವರಲ್ಲ. ಆದರೆ ಅವರ ಮಾತು ನೆನಪಿಟ್ಟುಕೊಳ್ಳುವಂಥದ್ದು. ಹಿನ್ನೀರು ಸರಿದ ಅಂಚಿನಲ್ಲಿ ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಗೋಡುಮಣ್ಣು ಮೆತ್ತಗೇ ಇರುತ್ತದೆ. ಅಲ್ಲಿ ನಾಲ್ಕು ಚಕ್ರವೂ ತಿರುಗಿ ಪ್ರಯೋಜನವಿಲ್ಲ.

ಆಲೂರು, ಬಾಳ್ಳುಪೇಟೆ, ಸಕಲೇಶಪುರ. ಅಲ್ಲಿಂದ ಹೆತ್ತೂರು ರಸ್ತೆಯಲ್ಲಿ ಒಳಗೆ. ಬಾಳ್ಳುಪೇಟೆ ದಾಟುತ್ತಿದ್ದ ಹಾಗೆ ಗಾಳಿಯೇ ಬದಲಾಯಿತು. ಕಿಟಕಿ ಇಳಿಸಿದರೆ ಒದ್ದೆ ಮಣ್ಣು, ಕೊಳೆತ ಎಲೆ, ಎಲ್ಲೋ ಉರಿಯುವ ಸೌದೆಯ ವಾಸನೆ. ಕೊರೊನಾದಲ್ಲಿ ವಾಸನೆಯೇ ಹೋಗಿದ್ದ ಗೂರ್ಖಾ ಗಾಡಿಯವರು ರೇಡಿಯೋದಲ್ಲಿ, "ಐದು. ವಾಸನೆ ಬರ್ತಾ ಇದೆ" ಅಂದರು. ಅಷ್ಟೇ ಹೇಳಿದರು. ಸ್ವಲ್ಪ ಹೊತ್ತು ಯಾರೂ ಬಟನ್ ಒತ್ತಲಿಲ್ಲ.

ನಾವು ಉಳಿದಿದ್ದು ಒಬ್ಬರು ಗೌಡರ ಕಾಫಿ ತೋಟದಲ್ಲಿ. ಹಿಂದೆಯೂ ಅವರ ತೋಟದ ದಾರಿಯಲ್ಲೇ ಓಡಿಸಿದ್ದೇವೆ. ಕಾಡಿನೊಳಗೆ, ಹುಲ್ಲುಗುಡ್ಡದ ಮೇಲೆ ಗಾಡಿ ಹತ್ತಿಸುವುದು ನಮ್ಮ ಗುಂಪಿನಲ್ಲಿ ಇಲ್ಲವೇ ಇಲ್ಲ. ಹುಲ್ಲುಗುಡ್ಡದಲ್ಲಿ ಒಂದು ಸಲ ಚಕ್ರದ ಗೀರು ಬಿದ್ದರೆ ಮುಂದಿನ ಮಳೆಗೆ ಅದೇ ಕೊರಕಲು. ಖಾಸಗಿ ಜಾಗ, ಮಾಲೀಕರ ಒಪ್ಪಿಗೆ, ಅವರೇ ತೋರಿಸಿದ ದಾರಿ. ಇಷ್ಟಿದ್ದರೆ ಮಾತ್ರ ಹೋಗುವುದು.

ಗೌಡರು ಮನೆ ಮುಂದೆ ಸೋಪು, ಬಕೆಟ್ಟಿನಲ್ಲಿ ಬಿಸಿನೀರು ಇಟ್ಟಿದ್ದರು. "ಬನ್ನಿ ಬನ್ನಿ, ಎಲ್ರೂ ಚೆನ್ನಾಗಿದ್ದೀರಲ್ಲ" ಅಂತ ಒಬ್ಬೊಬ್ಬರನ್ನೂ ಎಣಿಸಿದರು. ಬೆಲ್ಲದ ಕಾಫಿ ಕೊಟ್ಟರು. ಅವರ ಮುಖದಲ್ಲಿ ಚಿಂತೆ ಇತ್ತು. ಆ ನವೆಂಬರ್ ಮಳೆ ನೆನಪಿರಬಹುದು. ದೀಪಾವಳಿ ಕಳೆದರೂ ಬಿಡಲಿಲ್ಲ. ಅರೇಬಿಕಾ ಹಣ್ಣಾಗಿತ್ತು. ಹಣ್ಣು ಗಿಡದಲ್ಲೇ ಒಡೆದು ಕೆಳಗೆ ಉದುರುತ್ತಿತ್ತು. "ಕುಯ್ಯಾಣ ಅಂದ್ರೆ ಒಣಗ್ಸಕ್ಕೆ ಬಿಸ್ಲಿಲ್ಲ. ಬಿಟ್ರೆ ಮಣ್ಣು ಪಾಲು. ಏನ್ ಮಾಡದು ಹೇಳಿ" ಅಂದರು. ಕಾಫಿ ಒಣಗಿಸುವ ಕಣದ ಮೇಲೆ ಟಾರ್ಪಾಲು ಹೊದಿಸಿ ಅಂಚಿಗೆ ಕಲ್ಲು ಹೇರಿದ್ದರು. ಟಾರ್ಪಾಲಿನ ಮೇಲೆ ನೀರು ನಿಂತಿತ್ತು.

ಕಣದ ಪಕ್ಕ ಟೆಂಟ್ ಹಾಕಬೇಕು ಅಂತಿದ್ದೆವು. ಸಂಜೆ ಏಳಕ್ಕೆ ಗೌಡರ ಮೊಬೈಲಿಗೆ ಅರಣ್ಯ ಇಲಾಖೆಯ ಮೆಸೇಜ್ ಬಂತು. ಪಕ್ಕದ ತೋಟದಲ್ಲಿ ಕಾಡಾನೆ. ಆಲೂರು, ಸಕಲೇಶಪುರದ ಕಡೆ ಇದು ಹೊಸದಲ್ಲ. ಸಂಜೆಯಾದ ಮೇಲೆ ಮೆಸೇಜ್ ನೋಡಿಯೇ ಜನ ಹೊರಗೆ ಕಾಲಿಡುತ್ತಾರೆ. ಟೆಂಟ್ ಬಿಟ್ಟು ಎಲ್ಲರೂ ಗೋಡೌನಿಗೆ ಹೋದೆವು. ದೊಡ್ಡ ಜಾಗ, ಮೇಲೆ ತಗಡು, ಎರಡೂ ಕಡೆ ಗಾಳಿ. ಒಂದೊಂದು ಮನೆಯವರು ಒಂದೊಂದು ಮೂಲೆ. ರಾತ್ರಿ ಊಟಕ್ಕೆ ಕಡುಬು, ನಾಟಿಕೋಳಿ ಸಾರು, ಸೂಜಿಮೆಣಸಿನ ಚಟ್ನಿ. ಹಬೆಯಾಡುವ ಕಡುಬನ್ನು ಮುರಿದು ಸಾರಿಗೆ ಅದ್ದಿದಾಗ ಬೆರಳು ಸುಡಬೇಕು. ಆಗಲೇ ಅದರ ರುಚಿ. ಮಳೆ ತಗಡಿನ ಮೇಲೆ ಇಡೀ ರಾತ್ರಿ ಹೊಡೆಯಿತು. ನಡುವೆ ಯಾವಾಗಲೋ ಬಿದಿರು ಮುರಿಯುವ ಸದ್ದು ಎರಡು ಸಲ ಕೇಳಿಸಿತು. ಮಗಳು ನನ್ನ ಕೈ ಹಿಡಿದುಕೊಂಡಳು.

ಎರಡನೇ ದಿನ, ಶನಿವಾರ

ಬೆಳಿಗ್ಗೆ ನೋಡಿದರೆ ನಾವು ಹೋಗಬೇಕಿದ್ದ ದಾರಿಯಲ್ಲೇ ಆನೆ ಲದ್ದಿ. ಇನ್ನೂ ಬಿಸಿ ಇತ್ತು. ಹೆಜ್ಜೆಯಲ್ಲಿ ನೀರು ತುಂಬಿತ್ತು. ಗೌಡರ ತೋಟದ ಜೀಪಿನ ಡ್ರೈವರ್ ಅದನ್ನು ಕೋಲಿನಿಂದ ಕೆದಕಿ ನೋಡಿ, "ಮೇಲ್ಗಡೆ ಹೋಗದು ಬ್ಯಾಡ ಸಾರ್. ಕೆರೆ ಕಡೆ ಹೋಗಣ" ಅಂದ. ಮೂರು ತಿಂಗಳು ಕೂತು ಹಾಕಿದ ದಾರಿಯ ನಕ್ಷೆ ಒಂದು ನಿಮಿಷದಲ್ಲಿ ಹೋಯಿತು. ಮೇಷ್ಟ್ರು ಎರಡನೇ ಮಾತಾಡಲಿಲ್ಲ. "ಅವನು ಹೇಳಿದ್ದೇ ದಾರಿ" ಅಂದರು.

ಈ ಡ್ರೈವರ್ ಬಗ್ಗೆ ಸ್ವಲ್ಪ ಹೇಳಬೇಕು. ಅವನ ಜೀಪು ನಮ್ಮೆಲ್ಲರ ಗಾಡಿಗಿಂತ ಹಳೆಯದು. ಬಾಗಿಲಿಲ್ಲ. ಟೈರು ಸವೆದಿದೆ. ಆ ಜೀಪಿನಲ್ಲಿ ಅವನು ಗೊಬ್ಬರ, ಕಾಫಿ ಮೂಟೆ, ಆಳುಗಳು ಎಲ್ಲ ಸಾಗಿಸುತ್ತಾನೆ. 2021ರಲ್ಲಿ ಲಸಿಕೆ ಹಾಕುವ ನರ್ಸನ್ನು, ಆಶಾ ಕಾರ್ಯಕರ್ತೆಯನ್ನು ಕೂರಿಸಿಕೊಂಡು ತೋಟದ ಆಳುಗಳು ಇರುವ ಲೈನ್ ಮನೆಗಳಿಗೆಲ್ಲ ಸುತ್ತಿದ್ದೂ ಅದರಲ್ಲೇ. "ಐಸ್ ಡಬ್ಬ ಅಲ್ಲಾಡಬಾರ್ದು ಅಂತಿದ್ರು. ತೊಡೆ ಮೇಲೆ ಇಟ್ಕಳಿ ಅಂದೆ" ಅಂತ ಹೇಳಿದ. ನಾವು ಖುಷಿಗೆ ಮಾಡುವುದನ್ನು ಅವನು ದಿನಾ ಹೊಟ್ಟೆಪಾಡಿಗೆ ಮಾಡುತ್ತಾನೆ. ಅವನಿಂದ ಕಲಿಯೋದು ಬೇಕಾದಷ್ಟಿದೆ.

ಹೊರಡೋ ಮೊದಲು ಟೈರ್ ಗಾಳಿ ಇಳಿಸಿದೆವು. ರಸ್ತೆಗೆ 32 ಇದ್ದದ್ದು 18 ಪಿಎಸ್‌ಐಗೆ. ಗಾಳಿ ಇಳಿದರೆ ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಮತ್ತೆ ತುಂಬಲು ಕಂಪ್ರೆಸರ್ ಇಲ್ಲದವರು ಇಳಿಸಬಾರದು. ಮೇಷ್ಟ್ರ ಜೀಪು ಹಳೇ ಕಾಲದ್ದು. ಕೆಳಗಿಳಿದು ಮುಂದಿನ ಎರಡು ಚಕ್ರದ ನಡುವಿನ ಹಬ್ ಅನ್ನು ಕೈಯಲ್ಲಿ ತಿರುಗಿಸಿ ಲಾಕ್ ಮಾಡಬೇಕು, ಆಗಲೇ ಆ ಚಕ್ರಗಳಿಗೂ ಎಂಜಿನ್ನಿನ ಬಲ ಸಿಗೋದು. ಅವರು ಬಗ್ಗಲು ಹೋದರು. ಜಿಪ್ಸಿ ಗಾಡಿಯ ಹುಡುಗ ಓಡಿ ಬಂದು ತಿರುಗಿಸಿದ. ಮೇಷ್ಟ್ರು ಸುಮ್ನೆ ನಿಂತು ನೋಡಿದರು. ಎರಡು ವರ್ಷದ ಹಿಂದೆ ಆ ಹಬ್ ಅನ್ನು ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ ಅವರು.

ಕೆರೆ ದಾರಿ ಅಂದರೆ ಎರಡು ಕಿಲೋಮೀಟರ್ ಇಳಿಜಾರು. ಎರಡೂ ಕಡೆ ಕಾಫಿ, ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ನೆಲ ಕೆಂಪು ಜೇಡಿ. ಮಳೆ ಬಿದ್ದರೆ ಸೋಪಿನ ಹಾಗೆ. ಫೋರ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು ಗಾಡಿಯನ್ನು ತೀರಾ ನಿಧಾನಕ್ಕೆ ಓಡಿಸುವ ಗೇರು. ಅದರಲ್ಲಿ ಮೊದಲನೇ ಗೇರು, ಕಾಲು ಬ್ರೇಕಿನಿಂದಲೂ ಕ್ಲಚ್ಚಿನಿಂದಲೂ ದೂರ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಯಬೇಕು. ಹೊಸಬರಿಗೆ ಇದೇ ಕಷ್ಟ. ಗಾಡಿ ಜಾರಿದ ತಕ್ಷಣ ಕಾಲು ತಾನಾಗೇ ಬ್ರೇಕಿಗೆ ಹೋಗುತ್ತದೆ. ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ಜಾರುತ್ತಲೇ ಇರುತ್ತದೆ. ಆಗ ಸ್ಟೀರಿಂಗ್ ಮಾತು ಕೇಳುವುದಿಲ್ಲ.

ಏಳು ಗಾಡಿ ಇಳಿದವು. ಒಂದು ಗಂಟೆ ಹಿಡಿಯಿತು. ಮಳೆ ಜೋರಾಯಿತು. ಕಾಲಿಗೆಲ್ಲ ಇಂಬಳ (ಜಿಗಣೆ) ಹತ್ತಿದ್ದವು. ಗೌಡರ ಮನೆಯವರು ಕೊಟ್ಟ ಸುಣ್ಣ ಹೊಗೆಸೊಪ್ಪಿನ ಪೊಟ್ಟಣ ಇತ್ತು. ಅದನ್ನು ಬಟ್ಟೆಯಲ್ಲಿ ಕಟ್ಟಿ ಒದ್ದೆ ಮಾಡಿ ಮುಟ್ಟಿಸಿದರೆ ಸಾಕು, ಬಿಟ್ಟು ಬೀಳುತ್ತವೆ. ಕಿತ್ತು ತೆಗೆಯಬಾರದು. ಹೇಗೆ ತೆಗೆದರೂ ಸ್ವಲ್ಪ ಹೊತ್ತು ರಕ್ತ ಬರುತ್ತದೆ.

ಎಂಟನೆಯದಾಗಿ ಇಳಿದವಳು ನಾಲ್ಕನೇ ನಂಬರಿನ ಹುಡುಗಿ. ಅರ್ಧ ಇಳಿಜಾರಿನವರೆಗೆ ಚೆನ್ನಾಗಿ ಬಂದಳು. ಕೆರೆ ಏರಿಯ ಹತ್ತಿರ ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು. ಗಾಡಿ ಅಡ್ಡವಾಗಿ ಸರಿದು ಏರಿಯ ಕೆಳಗಿನ ಕೆಸರಿಗೆ ಇಳಿದು ನಿಂತಿತು. ಬಲಗಡೆಯ ಚಕ್ರಗಳು ಅರ್ಧ ಮುಳುಗಿದವು. ಎಡಕ್ಕೆ ಕಾಫಿ ಗಿಡ. ಬಲಕ್ಕೆ ಇನ್ನೂ ಎರಡು ಅಡಿ ಸರಿದರೆ ಕೆರೆ. ಆ ಥಾರ್ 650 ಮಿಲಿಮೀಟರ್ ನೀರಿನಲ್ಲಿ ಹೋಗಬಲ್ಲದು ಅಂತ ಕಂಪನಿ ಹೇಳುತ್ತದೆ. ಆದರೆ ಆ ಕೆರೆಯ ಆಳ ಆಳು ಮುಳುಗುವಷ್ಟು.

ಅವಳು ಆಕ್ಸಿಲರೇಟರ್ ಒತ್ತಲಿಲ್ಲ. ಅದು ಅವಳ ದೊಡ್ಡತನ. ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ರೇಡಿಯೋದಲ್ಲಿ "ನಾಲ್ಕು, ನಿಂತಿದೆ" ಅಂದಳು. ದನಿ ನಡುಗುತ್ತಿತ್ತು.

ಇಂಥ ಹೊತ್ತಿನಲ್ಲಿ ಮುಂದೆ ನಿಂತು ಕೈ ತೋರಿಸುವವರು ಯಾವಾಗಲೂ ಮೇಷ್ಟ್ರೇ. ಅವರು ಏರಿಯ ಮೇಲಿಂದ ಹತ್ತು ಹೆಜ್ಜೆ ಇಳಿದರು. ನಿಂತರು. ಉಸಿರು ಸಿಗಲಿಲ್ಲ. ಗೌಡರ ಡ್ರೈವರ್ ಓಡಿಹೋಗಿ ಜೀಪಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದ. ಮೇಷ್ಟ್ರು ಏರಿಯ ಮೇಲೆ ಕೊಡೆ ಹಿಡಿದು ಕೂತರು. ನನ್ನ ಕಡೆ ನೋಡಿ, "ನೀನು ನಿಲ್ಲಮ್ಮ. ನಾನು ಹೇಳ್ತೀನಿ" ಅಂದರು.

ನಾನು ಯಾವತ್ತೂ ಸ್ಪಾಟರ್ ಆಗಿರಲಿಲ್ಲ. ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಗಾಡಿ ಎಳೆಯುವಾಗ ಒಂದೇ ದನಿ ಇರಬೇಕು. ಹತ್ತು ಜನ ಕೂಗಿದರೆ ಡ್ರೈವರ್ ಯಾರ ಮಾತು ಕೇಳಬೇಕು? ಮೇಷ್ಟ್ರು ರೇಡಿಯೋ ಹಿಡಿದು ಮಾತು ಶುರು ಮಾಡಿದರು. ಎರಡನೇ ವಾಕ್ಯಕ್ಕೆ ಕೆಮ್ಮು. ಬಟನ್ ಬಿಟ್ಟರು. ಮತ್ತೆ ಒತ್ತಿದರು. ಮತ್ತೆ ಕೆಮ್ಮು. ಆಗ ಅವರ ಪಕ್ಕ ನಿಂತಿದ್ದ ನನ್ನ ಮಗಳು ಕೈ ಚಾಚಿದಳು. ಅವರು ರೇಡಿಯೋ ಅವಳ ಕೈಗೆ ಕೊಟ್ಟರು. ಅವರು ಮೆಲ್ಲಗೆ ಹೇಳೋದು, ಅವಳು ಬಟನ್ ಒತ್ತಿ ಜೋರಾಗಿ ಹೇಳೋದು. ಅವತ್ತಿನ ಒಂದು ದನಿ ಅವಳದ್ದಾಯಿತು.

"ಎಲ್ಲರೂ ಹಗ್ಗದಿಂದ ದೂರ. ಹಗ್ಗದ ಎರಡರಷ್ಟು ದೂರ."

"ಒಂದರ ವಿಂಚ್ ಹಗ್ಗ ಎಳೀರಿ. ಮರಕ್ಕೆ ಪಟ್ಟಿ ಹಾಕಿ. ಬರೀ ಕೇಬಲ್ ಸುತ್ತಬೇಡಿ, ಮರದ ತೊಗಟೆ ಹೋಗತ್ತೆ."

ಮೇಷ್ಟ್ರ ಜೀಪಿನ ಮುಂದೆ 9,500 ಪೌಂಡ್ ಎಳೆಯಬಲ್ಲ ವಿಂಚ್ ಇದೆ, ಅಂದರೆ ಕೇಬಲ್ ಸುತ್ತಿಕೊಂಡು ಗಾಡಿ ಎಳೆಯುವ ಯಂತ್ರ. ನೇರ ಎಳೆದರೆ ಥಾರ್ ಇನ್ನಷ್ಟು ಕೆರೆಯ ಕಡೆ ಜಾರುತ್ತಿತ್ತು. ಹಾಗಾಗಿ ಏರಿಯ ಆಚೆಯ ಹಲಸಿನ ಮರದ ಬುಡಕ್ಕೆ ಅಗಲ ಪಟ್ಟಿ ಹಾಕಿ, ಅದಕ್ಕೆ ರಾಟೆ ಸಿಕ್ಕಿಸಿ, ಕೇಬಲನ್ನು ಅದರ ಮೂಲಕ ತಿರುಗಿಸಿ ಥಾರಿನ ಮುಂದಿನ ಕೊಕ್ಕೆಗೆ ತಂದೆವು. ಹೀಗೆ ಮಾಡಿದರೆ ಎಳೆತದ ದಿಕ್ಕನ್ನು ನಮಗೆ ಬೇಕಾದ ಕಡೆಗೆ ತಿರುಗಿಸಬಹುದು. ಕೇಬಲಿನ ನಡುವೆ ಒದ್ದೆ ಗೋಣಿಚೀಲ ಹೊದಿಸಿದೆವು. ಕಬ್ಬಿಣದ ಕೇಬಲ್ ತುಂಡಾದರೆ ಚಾಟಿಯ ಹಾಗೆ ಬೀಸುತ್ತದೆ. ಗೋಣಿಯ ಭಾರ ಅದನ್ನು ಕೆಳಕ್ಕೆ ಬೀಳಿಸುತ್ತದೆ. ಥಾರಿನ ಹಿಂಭಾಗ ಕೆರೆ ಕಡೆ ಹೋಗದ ಹಾಗೆ ಗೂರ್ಖಾದಿಂದ ಇನ್ನೊಂದು ಹಗ್ಗ ಕಟ್ಟಿದೆವು. ಡ್ರೈವರ್ ಕತ್ತಿ ತಗೊಂಡು ಹೋಗಿ ಗಾಳಿಗೆ ಬಿದ್ದಿದ್ದ ಸಿಲ್ವರ್ ಓಕ್ ಕೊಂಬೆ ಕಡಿದು ತಂದು ಚಕ್ರದ ಮುಂದೆ ಹಾಸಿದ. ಅದು ನಮಗ್ಯಾರಿಗೂ ಹೊಳೆದಿರಲಿಲ್ಲ.

"ಅಮ್ಮಾ, ಅವರ ಕಣ್ಣು ನಿನ್ನ ಕೈ ಮೇಲೆ ಮಾತ್ರ ಇರಬೇಕಂತೆ. ನೀನು ಹಗ್ಗ ನೋಡಬೇಡವಂತೆ. ಚಕ್ರ ನೋಡಬೇಕಂತೆ."

ನಾನು ಕೈ ಎತ್ತಿದೆ. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಕೇಬಲ್ ಬಿಗಿಯಿತು. ಮರ ಒಮ್ಮೆ ನಡುಗಿ ಎಲೆಯ ನೀರೆಲ್ಲ ನಮ್ಮ ಮೇಲೆ ಸುರಿಯಿತು. ಕೆಸರು ಗಾಡಿಯನ್ನು ಬಿಡುವಾಗ ಒಂದು ಸದ್ದು ಬರುತ್ತದೆ. ದೊಡ್ಡ ಗುಟುಕಿನ ಹಾಗೆ. ಆ ಸದ್ದು ಬಂತು.

"ನಿಲ್ಸಿ. ಅವಸರ ಬೇಡ. ಗಾಡಿ ಎಲ್ಲೂ ಓಡಿಹೋಗಲ್ಲ." ಇದು ಮೇಷ್ಟ್ರ ಖಾಯಂ ಮಾತು. ಮಗಳ ಬಾಯಲ್ಲಿ ಕೇಳಿದಾಗ ಅಲ್ಲಿದ್ದವರೆಲ್ಲ ತಲೆ ಎತ್ತಿ ಏರಿಯ ಕಡೆ ನೋಡಿದರು.

ಅಂಗುಲ ಅಂಗುಲವಾಗಿ 40 ನಿಮಿಷ. ಒಂದು ಕಾಫಿ ಗಿಡವೂ ಮುರಿಯದೆ ಥಾರ್ ಏರಿ ಹತ್ತಿತು. ಹುಡುಗಿ ಇಳಿದವಳೇ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಇಬ್ಬರ ಮಾಸ್ಕೂ ಕೆಸರಾಗಿ ಗಲ್ಲಕ್ಕೆ ಇಳಿದಿದ್ದವು. ಒಂದು ಕ್ಷಣ ಇಬ್ಬರಿಗೂ ಹೆದರಿಕೆ ಆಯಿತು, ಬಿಡಬೇಕಾ ಅಂತ. ಬಿಡಲಿಲ್ಲ.

ಮಧ್ಯಾಹ್ನ ಗೋಡೌನಿನಲ್ಲಿ ಅಕ್ಕಿ ರೊಟ್ಟಿ, ಕಾಯಿ ಚಟ್ನಿ. ಕೆಂಡದ ಮೇಲೆ ಉಬ್ಬಿಸಿದ ರೊಟ್ಟಿ. ಐದನೇ ನಂಬರಿನವರು ತಮ್ಮ ಡಬ್ಬಿಯಿಂದ ಉಪ್ಪಿನಕಾಯಿ ತೆಗೆದು, ಚಮಚ ಬೇರೆ ಇಟ್ಟು, ನಡುವಿನ ಮೂಟೆಯ ಮೇಲೆ ಇಟ್ಟರು. ಅವರ ತಾಯಿ ಹಾಕಿದ್ದ ಉಪ್ಪಿನಕಾಯಿ. ಆ ತಾಯಿ ಮೇ ತಿಂಗಳಲ್ಲಿ ಹೋದರು. ಒಂದೇ ಜಾಡಿ ಉಳಿದಿತ್ತಂತೆ. ಎಲ್ಲರೂ ಎದ್ದು ಹೋಗಿ ಒಂದೊಂದು ಹೋಳು ಹಾಕಿಕೊಂಡೆವು.

ಮೂರನೇ ದಿನ, ಭಾನುವಾರ

ಬೆಳಿಗ್ಗೆ ಮಳೆ ಬಿಟ್ಟಿತ್ತು. ಗಾಳಿ ತುಂಬಿಸಿ ಹೊರಟೆವು. ಗೌಡರು ಕಾಫಿ ಪುಡಿಯ ಪೊಟ್ಟಣ ಒಂಬತ್ತು ಕೊಟ್ಟರು. ನಾವು ಹಿಂದಿನ ಸಂಜೆ ಕೆರೆ ತಿರುವಿನ ಕೊರಕಲಿಗೆ ಕಲ್ಲು ತುಂಬಿ ಸರಿ ಮಾಡಿದ್ದೆವು. ಓಡಿಸಿದ ದಾರಿ ಕೆಡಿಸಿ ಬಂದರೆ ಮುಂದಿನ ಸಲ ಯಾವ ಮುಖ ಇಟ್ಟುಕೊಂಡು ಹೋಗೋದು?

ಹೆತ್ತೂರು, ವಣಗೂರು ಕೂಡುರಸ್ತೆ, ಅಲ್ಲಿಂದ ಬಿಸಿಲೆ ಕಡೆ. ದಾರಿಯಲ್ಲಿ ಮಂಕನಹಳ್ಳಿ ಹತ್ತಿರ ಒಂದು ಕಲ್ಲಿದೆ. ಒಂದು ಬದಿಗೆ ಬಂಗಾಳ ಕೊಲ್ಲಿ, ಇನ್ನೊಂದು ಬದಿಗೆ ಅರಬ್ಬಿ ಸಮುದ್ರ ಅಂತ ಬರೆದಿದೆ. ಆ ದಿಣ್ಣೆಯ ಮೂಡಲಿಗೆ ಬಿದ್ದ ಹನಿ ಹೇಮಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಪಡುವಲಿಗೆ ಬಿದ್ದದ್ದು ಕುಮಾರಧಾರೆ ಸೇರಿ ನೇತ್ರಾವತಿಗೆ. ಮಗಳು ಎರಡೂ ಕಡೆ ಒಂದೊಂದು ಕಾಲಿಟ್ಟು ನಿಂತಳು. "ಅಂದ್ರೆ ಶುಕ್ರವಾರ ಚರ್ಚ್ ಹತ್ರ ನೋಡಿದ ನೀರು ಈ ಕಡೆಯಿಂದ ಹೋಗಿದ್ದು" ಅಂದಳು. ಹೌದಲ್ಲ ಅನ್ನಿಸಿತು. ಕೈಯಲ್ಲಿದ್ದ ಬಾಟಲಿಯ ನೀರನ್ನು ಕಲ್ಲಿನ ತಲೆಯ ಮೇಲೆ ಸುರಿದು ಎರಡಾಗಿ ಹರಿಯೋದನ್ನು ನೋಡಿದಳು.

ಬಿಸಿಲೆಯ ವೀಕ್ಷಣಾ ಸ್ಥಳದಲ್ಲಿ ಮಂಜು ಬಿಟ್ಟರೆ ಏನೂ ಕಾಣಲಿಲ್ಲ. ಎದುರಿಗೆ ಕುಮಾರಪರ್ವತ, ಕೆಳಗೆ ಗಿರಿಹೊಳೆ ಇವೆ ಅಂತ ಗೊತ್ತು ಅಷ್ಟೇ. ಹೊಳೆಯ ಸದ್ದು ಮಾತ್ರ ಮೇಲೆ ಬರುತ್ತಿತ್ತು. ಮೇಷ್ಟ್ರು ಕಟ್ಟೆಯ ಮೇಲೆ ಕೂತರು. ನಾನು ಪಕ್ಕದಲ್ಲಿ ಕೂತೆ. ಮುಕ್ಕಾಲು ಗಂಟೆ ಕೂತಿದ್ದೆವು. ಆಸ್ಪತ್ರೆಯ ವಿಷಯ ಅವರು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. "ರಾತ್ರಿ 9 ಆದ್ರೆ ಗೊತ್ತಾಗ್ತಿತ್ತಮ್ಮ. ಗೋಡೆ ಗಡಿಯಾರ ಇತ್ತು. ಫೋನ್ ಇರ್ಲಿಲ್ಲ ಕೈಲಿ. ಮನಸ್ಸಲ್ಲೇ ಎಲ್ರ ನಂಬರ್ ಹೇಳ್ಕೊಳ್ತಿದ್ದೆ. ಮಧ್ಯದಲ್ಲಿ ಮರೆತ್ರೆ ಮತ್ತೆ ಒಂದರಿಂದ." ನಾನು ಏನೂ ಹೇಳಲಿಲ್ಲ. ಹೇಳಲು ಆಗಲಿಲ್ಲ.

ಗಾಳಿ ತಿರುಗಿತು. ಮಂಜು ಕೆಳಗಿನಿಂದ ಹರಿದು ಮೇಲಕ್ಕೆ ಎದ್ದಿತು. ಎದುರಿನ ಬೆಟ್ಟ ಪೂರ್ತಿ ಕಂಡಿತು. ಕಪ್ಪು ಹಸಿರು ಕಾಡು, ಅದರ ಮೇಲೆ ಹುಲ್ಲು, ಸಂದಿಯಲ್ಲಿ ಬಿಳಿ ಗೆರೆಯ ಹಾಗೆ ಬೀಳುವ ನೀರು. ಐದು ನಿಮಿಷವೂ ಇರಲಿಲ್ಲ. ಮತ್ತೆ ಮುಚ್ಚಿತು.

ವಾಪಸ್ ದಾರಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಹಾಸನದಲ್ಲಿ ಊಟ, ಬೆಳ್ಳೂರು ಕ್ರಾಸಿನಲ್ಲಿ ಟೀ, ಆಮೇಲೆ ಭಾನುವಾರ ಸಂಜೆಯ ಟ್ರಾಫಿಕ್. ನೆಲಮಂಗಲದ ಮೊದಲು ಎಲ್ಲರೂ ಬೇರೆಯಾಗುವಾಗ ಹಾಜರಿ ಕೂಗಿದ್ದು ಮಗಳು. ಮೇಷ್ಟ್ರೇ ಹೇಳಿದ್ದು, ಅವಳೇ ಕೂಗಲಿ ಅಂತ. ಈ ಸಲ ದನಿ ಕಾರಿನ ಹೊರಗೂ ಕೇಳಿಸುವಷ್ಟಿತ್ತು.

ಮನೆ ಸೇರಿದಾಗ ಎಂಟೂವರೆ. ಬೂಟು ಬಾಗಿಲಲ್ಲೇ ಬಿಟ್ಟೆವು. ಕಾಫಿ ಪುಡಿ ಅಡುಗೆ ಮನೆಯಲ್ಲಿ ಇಟ್ಟೆ. 9 ಗಂಟೆಗೆ ಫೋನ್ ಸದ್ದು ಮಾಡಿತು. ಮೇಷ್ಟ್ರ ಮೆಸೇಜ್, "ಹಾಜರಿ. ಮನೆ ಸೇರಿದವರು ಹೇಳಿ. 1." ನಾನು 2 ಹಾಕಿದೆ. 3 ಬಂತು. 5, 4, 7, 6, 8. ಒಂಬತ್ತನೆಯವರು ಎಲ್ಲರ ಹಿಂದೆ ಬಂದವರು, ಅವರ ಮನೆ ಹೊಸಕೋಟೆಯ ಆಚೆ. ಮಗಳು ಮಲಗಲು ಒಪ್ಪಲಿಲ್ಲ. ಸೋಫಾದ ಮೇಲೆ ಫೋನ್ ಹಿಡಿದು ಕೂತಳು. 10 ಗಂಟೆ 20 ನಿಮಿಷಕ್ಕೆ 9 ಬಂತು.